ಬಾತುಗಳ ಹಿಂದೆ ನಿಂತಿದ್ದವನು

ಇದನ್ನು ಬರೆಯಬೇಕು ಎಂದುಕೊಂಡು ನಾಲ್ಕು ಚಳಿಗಾಲ ಕಳೆದವು. ಮೊದಲ ವರ್ಷ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಓದು ಬರಹ ಬೇಡ ಎಂದು ಡಾಕ್ಟರು ಹೇಳಿದ್ದರು. ಅವರು ಹೇಳಿದ್ದು ಹದಿನೈದು ದಿನಕ್ಕೆ. ನಾನು ವರ್ಷಪೂರ್ತಿ ಪಾಲಿಸಿದೆ. ಎರಡನೆಯ ವರ್ಷ ಒಳ್ಳೆಯ ನೋಟ್‌ಬುಕ್ಕು ಸಿಗಲಿಲ್ಲ. ಮೂರನೆಯ ವರ್ಷ ಮೊಮ್ಮಗಳು ತಂದುಕೊಟ್ಟ ನೋಟ್‌ಬುಕ್ಕು ತುಂಬಾ ಚೆಂದವಿತ್ತು, ಅದರಲ್ಲಿ ನನ್ನ ಕೆಟ್ಟ ಕೆಲಸವನ್ನು ಬರೆದು ಹಾಳು ಮಾಡಲು ಮನಸ್ಸಾಗಲಿಲ್ಲ. ಈಗ ಹೇಳಲು ನೆಪ ಉಳಿದಿಲ್ಲ. ಹೆಂಡತಿ ಬೇರೆ ದಿನಕ್ಕೊಮ್ಮೆ ಕೇಳುತ್ತಾಳೆ, "ಬರ್ದಾತಾ?" ಎಂದು. ಅದು ಕೇಳಿದ ಹಾಗೆ ಇರುವುದಿಲ್ಲ, ಚಿವುಟಿದ ಹಾಗೆ ಇರುತ್ತದೆ.

ನಾನು ಕುಮಟೆ ಪೇಟೆಯಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಓದಿದ್ದು ಎಸ್ಸೆಸ್ಸೆಲ್ಸಿ. ಕಲಿತ ವಿದ್ಯೆ ಎಂದರೆ ಒಂದೇ, ಫೋಟೋ ತಿದ್ದುವುದು. ನೆಗೆಟಿವ್ ಇದ್ದ ಕಾಲದಲ್ಲಿ ಚೂಪು ಪೆನ್ಸಿಲ್ ಹಿಡಿದು ಮೊಡವೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ತೆಗೆಯುತ್ತಿದ್ದೆ. ನಾನೇ ಹೇಳಿಕೊಳ್ಳಬಾರದು, ಆದರೆ ಈ ಸೀಮೆಯ ಎಷ್ಟೋ ಸಂಬಂಧಗಳು ಕುದುರಿದ್ದು ನನ್ನ ಪೆನ್ಸಿಲಿನಿಂದ. ಮದುವೆಯಾದ ಮೇಲೆ ಬಂದು ಬೈದು ಹೋದವರೂ ಇದ್ದಾರೆ. ಕಂಪ್ಯೂಟರ್ ಬಂದ ಮೇಲೆ ಕಲೆ ತೆಗೆಯುವುದರ ಜೊತೆಗೆ ಮನುಷ್ಯರನ್ನೇ ತೆಗೆಯುವುದು ಸುಲಭವಾಯಿತು. ಅಣ್ಣತಮ್ಮಂದಿರು ಹಿಸ್ಸೆಯಾಗಿ ಜಗಳವಾಡಿದರೆ ಮೊದಲು ವಕೀಲರ ಹತ್ತಿರ ಹೋಗುತ್ತಿದ್ದರು, ಆಮೇಲೆ ನನ್ನ ಹತ್ತಿರ ಬರುತ್ತಿದ್ದರು. ಅಪ್ಪನ ಅರವತ್ತರ ಶಾಂತಿಯ ಗ್ರೂಪ್ ಫೋಟೋ ತಂದು, "ಇವನ ತೆಗ್ದುಬಿಡಿ" ಎನ್ನುತ್ತಿದ್ದರು. ಒಂದು ಮನೆಯ ಫೋಟೋದಲ್ಲಿ ಭಾವನನ್ನು ತೆಗೆದು ಹೂವಿನ ಕುಂಡ ಇಟ್ಟೆ. ಎರಡು ವರ್ಷಕ್ಕೆ ಅವರು ರಾಜಿಯಾದರು. ಕುಂಡ ತೆಗೆದು ಭಾವನನ್ನು ವಾಪಸು ನಿಲ್ಲಿಸಿಕೊಟ್ಟೆ. ಹಾಗಾಗಿ ಫೋಟೋದಿಂದ ಒಬ್ಬ ಮನುಷ್ಯನನ್ನು ಅಳಿಸುವುದರಲ್ಲಿ ತಪ್ಪಿದೆ ಎಂದು ನನಗೆ ಹೊಳೆದಿರಲೇ ಇಲ್ಲ. ಟೇಲರ್ ಬಟ್ಟೆ ಕತ್ತರಿಸಿದ ಹಾಗೆ ಅದು ನನ್ನ ಕೆಲಸ.

ಮೊಬೈಲ್ ಬಂತು, ಸ್ಟುಡಿಯೋಕ್ಕೆ ಬರುವವರು ಕಡಿಮೆಯಾದರು. ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ಝೆರಾಕ್ಸಿಗಾಗಿ ಬೆಳಿಗ್ಗೆಯೇ ಬಾಗಿಲು ತೆಗೆದು ಕೂರಬೇಕಾದ ಅಗತ್ಯ ಉಳಿಯಲಿಲ್ಲ. ಆಗ ಮದುವೆ ವೀಡಿಯೋ ತೆಗೆಯುವವನೊಬ್ಬ ತನ್ನ ಉದ್ದ ಲೆನ್ಸು ಮಾರಲಿಕ್ಕಿದೆ ಎಂದ. ಕೊಂಡು ಮನೆಗೆ ತಂದೆ.

ಹೆಂಡತಿ ನೋಡಿದಳು. "ಎಂತ ಇದು? ಪಂಪಿನ ಪೈಪಾ?"

"ಲೆನ್ಸು. ಹಕ್ಕಿ ಫೋಟೋ ತೆಗೀತೆ ಇನ್ನು."

"ಹಕ್ಕಿಗೆ ಪಾಸ್‌ಪೋರ್ಟ್ ಮಾಡ್ಸುಕೆ ಅದ್ಯಾ?"

ಅವಳಿಗೆ ಗೊತ್ತಿರಲಿಲ್ಲ, ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಬರುವ ಹಕ್ಕಿಗಳಲ್ಲಿ ಹೆಚ್ಚಿನವು ಪರದೇಶದವು. ಪಾಸ್‌ಪೋರ್ಟ್ ಇಲ್ಲದೆಯೇ ಬರುತ್ತವೆ.

ಮೊದಲು ಹೋದದ್ದು ಹೊನ್ನಾವರದ ಹತ್ತಿರದ ಕಾಸರಕೋಡಿಗೆ. ದೋಣಿಗಳು ಅಳಿವೆಯೊಳಗೆ ಬರುವಾಗ ಕಡಲಕ್ಕಿಗಳು ಕೂಗುತ್ತ ಹಿಂದೆ ಬರುತ್ತವೆ. ನಾನು ಕ್ಯಾಮೆರಾ ಎತ್ತಿ, ನಲವತ್ತು ವರ್ಷದ ಅಭ್ಯಾಸ ನೋಡಿ, "ಗಲ್ಲ ಸ್ವಲ್ಪ ಮೇಲೆ, ಹಾಂ, ಇಲ್ಲಿ ನೋಡಿ" ಎಂದುಬಿಟ್ಟೆ. ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರು ತಮಗೇ ಹೇಳಿದ್ದು ಎಂದು ತಿಳಿದು ಸೆರಗು ಸರಿಮಾಡಿಕೊಂಡು ಸಾಲಾಗಿ ನಿಂತರು. ಇಲ್ಲ ಎನ್ನಲು ಆಗಲಿಲ್ಲ. ಆ ದಿನ ನನಗೆ ಸಿಕ್ಕಿದ್ದು ಒಣಮೀನಿನ ಮುಂದೆ ನಿಂತ ಏಳು ಹೆಂಗಸರ ಒಂದು ಗ್ರೂಪ್ ಫೋಟೋ. ಚೆನ್ನಾಗಿಯೇ ಬಂದಿತ್ತು. ಭಟ್ಕಳದಲ್ಲಿ ಇನ್ನೊಂದು ಕತೆಯಾಯಿತು. ಪುಸ್ತಕದಲ್ಲಿ ಓದಿದ್ದೆ, ಮರಳಿನ ಮೇಲೆ ಬೋರಲು ಮಲಗಿದರೆ ಹಕ್ಕಿಗಳು ಹತ್ತಿರ ಬರುತ್ತವೆ ಎಂದು. ಮುಕ್ಕಾಲು ಗಂಟೆ ಅಲ್ಲಾಡದೆ ಮಲಗಿದೆ. ಬೆಳಗಿನ ತಿರುಗಾಟಕ್ಕೆ ಬಂದ ಹಿರಿಯರೊಬ್ಬರು ಯಾರೋ ಬಿದ್ದಿದ್ದಾನೆ ಎಂದು ಗಾಬರಿಯಾಗಿ ಬೊಗಸೆಯಲ್ಲಿ ನೀರು ತಂದು ಮುಖಕ್ಕೆ ಹೊಡೆದರು. ಲೆನ್ಸಿಗೂ ಬಿತ್ತು. ಪಾಪ, ಮನೆಗೆ ಕರೆದುಕೊಂಡು ಹೋಗಿ ಚಾ ಕುಡಿಸಿದರು. ಒಳಗೆ ಮನೆಯವರಿಗೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಡೆಗೆ ನನಗೆ ಜಾಗ ಸಿಕ್ಕಿದ್ದು ಕುಮಟೆಯ ಹತ್ತಿರದ ಗಜನಿಯಲ್ಲಿ. ಹೊಳೆ ಕಡಲು ಸೇರುವ ಮೊದಲು ಎರಡೂ ದಂಡೆಗೆ ಹರಡಿಕೊಂಡಿರುವ ತಗ್ಗು ಗದ್ದೆಗಳಿಗೆ ನಾವು ಗಜನಿ ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಕಟ್ಟೆಯ ಹಲಗೆ ಬಾಗಿಲು ಎತ್ತಿ ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮೀನುಗಳ ಮರಿ ಬಂದು, ಬೇಸಿಗೆಯವರೆಗೆ ಅಲ್ಲೇ ಬೆಳೆಯುತ್ತವೆ. ಆ ಮೀನಿಗೆ ಒಬ್ಬ ಗುತ್ತಿಗೆದಾರ ಇರುತ್ತಾನೆ. ಗುತ್ತಿಗೆದಾರನ ಮೀನನ್ನು ಹಕ್ಕಿಗಳಿಂದ ಕಾಯಲು ಒಬ್ಬ ಕಾವಲಿನವ ಇರುತ್ತಾನೆ.

ಈ ಕಾವಲಿನವನಿಗೆ ಐವತ್ತು ದಾಟಿತ್ತು. ಮೊದಲು ಕಾಸರಕೋಡಿನಿಂದ ದೋಣಿಯ ಮೇಲೆ ಹೋಗುತ್ತಿದ್ದನಂತೆ. ಒಮ್ಮೆ ದೋಣಿಯೊಳಗೇ ಜಾರಿ ಬಿದ್ದು ಮೊಣಕಾಲು ಹೋಯಿತು. ಆಮೇಲೆ ಅಲೆಯ ಮೇಲೆ ನಿಲ್ಲಲು ಆಗುತ್ತಿರಲಿಲ್ಲ, ಭಾರ ಹೊರಲೂ ಆಗುತ್ತಿರಲಿಲ್ಲ. ಆ ಕಾಲಿಗೆ ಒಗ್ಗುವ ಕೆಲಸ ಎಂದರೆ ಕಟ್ಟೆಯ ಮೇಲೆ ನಿಧಾನ ನಡೆದು ಹಕ್ಕಿ ಓಡಿಸುವ ಈ ಕೆಲಸ ಒಂದೇ. ಅವನ ಮನೆ ನಡೆಯುತ್ತಿದ್ದದ್ದು ಇದರಿಂದ. ಇದನ್ನು ಅವನೇ ನನಗೆ ಮೊದಲ ದಿನವೇ ಹೇಳಿದ್ದ, ಅಂದರೆ ಎಲ್ಲ ಗೊತ್ತಿದ್ದೂ ನಾನು ಮಾಡಿದ್ದು.

ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತ ನನ್ನನ್ನು ಅವನು ಮೀನು ಕಳ್ಳ ಎಂದೇ ತಿಳಿದು ಬಂದ. ಕೈಯಲ್ಲಿ ಎಣ್ಣೆಯ ಖಾಲಿ ಡಬ್ಬ, ಒಂದು ಕೋಲು.

"ಯಾರದು? ಎಂತ ಮಾಡ್ತ್ರಿ ಅಲ್ಲಿ ಕೂತ್ಕಂಡು?"

"ಹಕ್ಕಿ ಫೋಟೋ ಮಾರಾಯಾ. ಗದ್ದಲ ಮಾಡಬೇಡ, ಓಡ್ತವೆ."

ಅವನು ಸ್ವಲ್ಪ ಹೊತ್ತು ನನ್ನನ್ನೂ ಲೆನ್ಸನ್ನೂ ನೋಡಿದ. "ಓಡ್ಲಿ ಅಂತೇ ನನ್ನ ಇಟ್ಟದ್ದು. ನೀವು ಹಕ್ಕಿ ಬರ್ಲಿ ಅಂಬವ್ರು, ನಾ ಹೋಗ್ಲಿ ಅಂಬವ. ನಮ್ಮಿಬ್ರಿಗೆ ಹೆಂಗೆ ಆಗ್ತದೆ ಹೇಳಿ."

ಆದರೂ ಒಂದು ಒಪ್ಪಂದವಾಯಿತು. ಸೂರ್ಯ ಗುಡ್ಡ ಬಿಟ್ಟು ಮೇಲೆ ಬಂದಾಗ ಅವನು ಒಂದು ಬೀಡಿ ಹಚ್ಚುವುದು. ಬೀಡಿ ಮುಗಿಯುವವರೆಗೆ ಹಕ್ಕಿಗಳು ನನ್ನವು. ಬೀಡಿ ಮುಗಿದ ಮೇಲೆ ಡಬ್ಬ ಬಡಿಯುವುದು, ಆಗ ನಾನು ಬೈಯಬಾರದು. ಮಾರನೆಯ ದಿನ ನಾನು ಅವನಿಗೆ ಒಂದು ಕಟ್ಟು ಬೀಡಿ ಒಯ್ದೆ. ಅವನು ಮುಗುಳ್ನಕ್ಕ. ಒಂದು ಬೀಡಿ ಸೇದಿ ಮುಗಿಸಿ, ನನ್ನ ಕಡೆ ನೋಡಿ, ಇನ್ನೊಂದು ಹಚ್ಚಿದ. ಹೀಗೆ ಡಿಸೆಂಬರ್ ಪೂರ್ತಿ ನನ್ನ ಹಕ್ಕಿ ಫೋಟೋಗಳಿಗಾಗಿ ಅವನ ಎದೆ ಹಾಳಾಯಿತು.

ಹಕ್ಕಿಯ ವಿಷಯದಲ್ಲಿ ನನಗಿಂತ ಅವನಿಗೇ ಹೆಚ್ಚು ಗೊತ್ತಿತ್ತು. ಸೂಜಿಬಾಲದ ಬಾತುಗಳನ್ನು ತೋರಿಸಿ ಹೇಳುತ್ತಿದ್ದ, "ಇದು ಪಾಪದ್ದು. ಬಿದ್ದ ಕಾಳು, ಹುಲ್ಲು, ಹುಳ ಹುಡ್ಕ್ತದೆ. ಮೀನಿನ ಕಳ್ಳ ಆ ನೀರುಕಾಗೆ. ಆದ್ರೆ ಧಣಿಗೆ ಹೇಳಿ ಪ್ರಯೋಜ್ನ ಇಲ್ಲ. ಅವ್ರಿಗೆ ರೆಕ್ಕೆ ಇದ್ರೆ ಕಳ್ಳ." ಡಬ್ಬ ಬಡಿಯುವಾಗಲೂ ಅವನದೊಂದು ತಾಳ ಇತ್ತು. ಕರ್ಕಿಯ ಕಡೆ ಅವನ ಅಜ್ಜನ ಮನೆ, ಸಣ್ಣವನಿದ್ದಾಗ ಯಕ್ಷಗಾನದ ಆಟದ ಚಂಡೆ ಕೇಳಿಯೇ ಬೆಳೆದವನಂತೆ. ಹಕ್ಕಿ ಎದ್ದು ಹೋದ ಮೇಲೂ ತಾಳ ಮುಗಿಯುವವರೆಗೆ ಬಡಿಯುತ್ತಿದ್ದ. ನಡುವೆ ನಿಲ್ಲಿಸಿದರೆ ಅವನಿಗೆ ಸಮಾಧಾನ ಇರುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಆ ಫೋಟೋ ಸಿಕ್ಕಿತು. ನೀರಿನ ಮೇಲೆ ತೆಳ್ಳಗೆ ಮಂಜು. ಸೂಜಿಬಾಲದ ಬಾತುಗಳು ಗುಂಪಾಗಿ ತೇಲುತ್ತಿದ್ದವು. ಅವುಗಳ ನಡುವೆ ಒಂದು ನೀರುಕಾಗೆ ಮುಳುಗಿ ಎದ್ದಿತು, ಬಾಯಲ್ಲಿ ಅಡ್ಡಕ್ಕೆ ಒಂದು ಮೀನು, ಮೀನಿನ ಬಾಲದಿಂದ ಬೀಳುತ್ತಿದ್ದ ಹನಿ ಸಹ ಕಾಣುತ್ತಿತ್ತು. ಒತ್ತಿದೆ. ಒಂದೇ ಒಂದು ಸಲ. ಅಷ್ಟರಲ್ಲಿ ಡಬ್ಬದ ಸದ್ದು ಕೇಳಿತು, ಎಲ್ಲವೂ ಎದ್ದು ಹೋದವು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಬಾತುಗಳ ಹಿಂದೆ ಅವನು ನಿಂತಿದ್ದ. ತೊಡೆ ಮಟ್ಟದ ನೀರಿನಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು, ಡಬ್ಬ ಒಂದು ಕೈಯಲ್ಲಿ, ಕೋಲು ಎತ್ತಿದ್ದು ಇನ್ನೊಂದು ಕೈಯಲ್ಲಿ. ನೀರುಕಾಗೆ ಕಂಡದ್ದೇ ಬೀಡಿ ಎಸೆದು ನೀರಿಗೆ ಇಳಿದಿದ್ದ. ಬಾಯಿ ತೆರೆದಿತ್ತು. ತಲೆಗೆ ಕಟ್ಟಿದ ಟವೆಲ್ ಪಾರಿವಾಳದ ಬಾಲದ ಹಾಗೆ ನಿಂತಿತ್ತು. ನನಗೆ ತಲೆಬಿಸಿಯಾಯಿತು. ಇಷ್ಟು ಚೆಂದದ ಫೋಟೋದಲ್ಲಿ ಈ ಮನುಷ್ಯ ಯಾಕೆ?

ಚಾ ತಣ್ಣಗಾಗುವುದರೊಳಗೆ ಅವನನ್ನು ತೆಗೆದುಬಿಟ್ಟೆ. ಅವನಿದ್ದ ಕಡೆ ನೀರು ಹಾಕಿದೆ, ಸ್ವಲ್ಪ ಮಂಜು ಎಳೆದೆ. ನೆರಳನ್ನೂ ಮರೆಯಲಿಲ್ಲ. ಹೊಸಬರು ಮನುಷ್ಯನನ್ನು ತೆಗೆದು ನೆರಳು ಬಿಟ್ಟುಬಿಡುತ್ತಾರೆ.

ಆ ತಿಂಗಳು ಹೊನ್ನಾವರದಲ್ಲಿ ಹಕ್ಕಿ ನೋಡುವವರ ಒಂದು ಗುಂಪು ಫೋಟೋ ಸ್ಪರ್ಧೆ ಇಟ್ಟಿತ್ತು. ಅರ್ಜಿಯಲ್ಲಿ ಒಂದು ಸಾಲು ಇತ್ತು: ಚಿತ್ರಕ್ಕೆ ಏನನ್ನೂ ಸೇರಿಸಿಲ್ಲ, ಚಿತ್ರದಿಂದ ಏನನ್ನೂ ತೆಗೆದಿಲ್ಲ ಎಂದು ದೃಢೀಕರಿಸುತ್ತೇನೆ. ಅದರ ಕೆಳಗೆ ಸಹಿ ಹಾಕಿದೆ. ಆಗ ನನ್ನ ಮನಸ್ಸಿಗೆ ಬಂದದ್ದು ಇಷ್ಟು: ಇದು ಹಕ್ಕಿಯ ಸ್ಪರ್ಧೆ, ನಾನು ಹಕ್ಕಿಯನ್ನು ಮುಟ್ಟಿಲ್ಲ.

ಮೊದಲ ಬಹುಮಾನ ಬಂತು. ಶಾಲು, ಹಾರ, ಗೋಡೆ ಗಡಿಯಾರ. ನನ್ನ ಫೋಟೋವನ್ನು ಬಾಗಿಲಷ್ಟು ದೊಡ್ಡದು ಮಾಡಿ ಸಭಾಭವನದ ಎದುರಿಗೇ ನಿಲ್ಲಿಸಿದ್ದರು. ಕಾರ್ಯಕ್ರಮಕ್ಕೆ ಬಂದವರಿಗೆಲ್ಲ ಅವಲಕ್ಕಿ ಚಾ ಕೊಡಿಸಿದ ದಾನಿಯೊಬ್ಬರು ವೇದಿಕೆಯ ಮೇಲಿದ್ದರು. ಅವರು ಬೇರೆ ಯಾರೂ ಅಲ್ಲ, ಆ ಗಜನಿಯ ಗುತ್ತಿಗೆದಾರರು. ಭಾಷಣ ಮುಗಿದ ಮೇಲೆ ಬಂದು ಫೋಟೋದ ಎದುರು ನಿಂತರು. ನಾನು ಶಾಲು ಸರಿಮಾಡಿಕೊಂಡು ಪಕ್ಕದಲ್ಲಿ ನಿಂತೆ.

"ಇದು ನಮ್ಮ ಗಜನಿ ಅಲ್ದಾ?"

"ಹೌದು, ನಿಮ್ಮದೇ."

"ಹಂಗಾರೆ ಅದರ ಬಾಯಲ್ಲಿ ಇರೂದು ನಮ್ಮ ಮೀನು."

ನಾನು ನಕ್ಕೆ. ಅವರು ನಗಲಿಲ್ಲ.

"ಎಷ್ಟೊತ್ತಿಗೆ ತೆಗ್ದದ್ದು ಇದು?"

"ಬೆಳಿಗ್ಗೆ ಏಳೂವರೆ. ಆಗಿನ ಬೆಳಕು..." ನಾನು ಬೆಳಕಿನ ಬಗ್ಗೆ ಹೇಳತೊಡಗಿದೆ.

"ಬೆಳಕು ಇರ್ಲಿ. ಕಾವಲಿನವ ಎಲ್ಲಿ?"

ನನ್ನ ಜೀವನದಲ್ಲಿ ಆ ಪ್ರಶ್ನೆಯಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಇಲ್ಲೇ ಇದ್ದ, ನಾನೇ ಅಳಿಸಿದೆ ಎಂದರೆ ಮುಗಿಯಿತು. ಆದರೆ ಹಿಂದೆ ಗುಂಪಿನ ಕಾರ್ಯದರ್ಶಿ ನಿಂತಿದ್ದರು, ಹಾರದ ಸೇವಂತಿಗೆ ಕುತ್ತಿಗೆಗೆ ತಂಪಾಗಿ ತಾಗುತ್ತಿತ್ತು.

"ಅಲ್ಲೇ ಎಲ್ಲೋ ಇದ್ದನೇನೋ," ಎಂದೆ.

"ಎಲ್ಲೋ ಇರುಕೆ ನಾ ಅವಂಗೆ ಸಂಬಳ ಕೊಡೂದಲ್ಲ," ಎಂದು ಅವರು ಹೊರಟುಹೋದರು. ಮಾರನೆಯ ದಿನವೇ ಕಾವಲಿನವನಿಗೆ ಬರುವುದು ಬೇಡ ಎಂದು ಹೇಳಿದರಂತೆ.

ಎರಡು ದಿನ ಬಿಟ್ಟು ಅವನು ಸ್ಟುಡಿಯೋಕ್ಕೆ ಬಂದ. ಜೊತೆಗೆ ಅವನ ಹೆಂಡತಿ. ಅವನು ಗಿರಾಕಿಗಳ ಸ್ಟೂಲಿನ ಮೇಲೆ ಕಾಲು ಚಾಚಿ ಕೂತ, ಅವಳು ದುಡ್ಡು ಹಾಕುವ ಗಲ್ಲೆಯ ಪಕ್ಕದಲ್ಲಿ ನಿಂತಳು. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ನನ್ನಿಂದ ಕೆಲಸ ಆಗುತ್ತದೆ ಎಂಬ ಭರವಸೆ ಇತ್ತು. ಅದನ್ನು ನೋಡುವುದು ಸಿಟ್ಟಿಗಿಂತ ಕಷ್ಟ.

"ಸ್ಟುಡಿಯೋದವ್ರೆ, ಅವತ್ತು ಮೀನು ಹಿಡ್ದ ನೀರುಕಾಗೆ ತೆಗೀವಾಗ ನಾ ನೀರಿಗೆ ಇಳ್ದಿದ್ದೆ. ನಿಮ್ಮ ಪೈಪು ನನ್ನ ಕಡೆಗೇ ಇತ್ತು. ನಾ ಬಿದ್ದಿರ್ತೆ ಅಲ್ದಾ ಫೋಟೋಕ್ಕೆ? ಒಂದು ಕಾಪಿ ಕೊಡಿ. ಧಣಿಗೆ ತೋರ್ಸ್ತೆ. ನಾ ನಿದ್ದೆ ಮಾಡಿದ್ದೆ ಅಂಬ್ರು ಅವ್ರು."

ನಾನು ಕಂಪ್ಯೂಟರಿನಲ್ಲಿ ಹುಡುಕಿದ ಹಾಗೆ ಮಾಡಿದೆ. ಹುಡುಕಬೇಕಾಗಿರಲಿಲ್ಲ. ತಿದ್ದದೇ ಇದ್ದ ಮೂಲ ಫೋಟೋ ತೆರೆದೇ ಇತ್ತು, ಅದರೊಳಗಿಂದ ಅವನು ಡಬ್ಬ ಹಿಡಿದು ನನ್ನನ್ನೇ ನೋಡುತ್ತಿದ್ದ. ಸ್ಟೂಲಿನ ಮೇಲೆ ಕೂತವರಿಗೆ ಪರದೆಯ ಬೆನ್ನು ಮಾತ್ರ ಕಾಣುತ್ತದೆ.

"ಇಲ್ಲ ತಮ್ಮಾ. ಆ ಬದಿ ಬಂದಿಲ್ಲ. ನೀನು ಸ್ವಲ್ಪ ಆಚೆಗೆ ಇದ್ದೆ."

"ಕೈ ಆದ್ರೂ ಬಂದಿಲ್ವಾ?"

"ಇಲ್ಲ."

"ಡಬ್ಬ?"

ತಲೆ ಎತ್ತಿದೆ. ಅವನ ಹೆಂಡತಿ ನನ್ನನ್ನು ನೋಡುತ್ತಿರಲಿಲ್ಲ. ಗಲ್ಲೆಯ ಪಕ್ಕದಿಂದ ಪರದೆ ಓರೆಯಾಗಿ ಕಾಣುತ್ತದೆ. ಅವಳು ಅದನ್ನು ನೋಡುತ್ತಿದ್ದಳು. ನಾನು ಬಟನ್ ಒತ್ತಿ ಫೋಟೋ ಮುಚ್ಚಿದೆ. ಅವಳು ಗಂಡನ ತೋಳು ಹಿಡಿದು ಎಬ್ಬಿಸಿ, "ನಡೀರಿ, ಬಸ್ಸಿಗೆ ಹೊತ್ತಾತು," ಎಂದು ಕರೆದುಕೊಂಡು ಹೋದಳು.

ಯಾಕೆ ಅಲ್ಲೇ ಕೂಗಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕೂಗಿದ್ದರೆ ನಾನು ಮೂಲ ಫೋಟೋವನ್ನು ಅಳಿಸಿಯೂ ಬಿಡುತ್ತಿದ್ದೆನೇನೋ. ಅವಳಿಗೆ ಅದು ಹೊಳೆದಿರಬೇಕು.

ಆ ಚಳಿಗಾಲದ ಉಳಿದ ದಿನಗಳಲ್ಲಿ ಅವರ ಮನೆ ನಡೆದದ್ದು ಅವಳಿಂದ. ಇಳಿತದ ಹೊತ್ತಿಗೆ ಹೊಳೆಯ ಕೆಸರಿಗೆ ಇಳಿದು ಬಳಚು ಆರಿಸಿ, ಬುಟ್ಟಿಯಲ್ಲಿ ಹೊತ್ತುಕೊಂಡು ಮನೆ ಮನೆಗೆ ಮಾರುತ್ತಿದ್ದಳು. ಬಳಚು ಎಂದರೆ ಚಿಪ್ಪಿನ ಮೀನು, ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ವಾರಕ್ಕೆ ಎರಡು ದಿನ ನಮ್ಮ ಅಂಗಳಕ್ಕೇ ಬರತೊಡಗಿದಳು.

"ಬಳಚು ಬೇಕಾ ಅಕ್ಕಾ?" ಎಂಬ ದನಿ ಕೇಳಿದ ಕೂಡಲೇ ನಾನು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಅವರಿಬ್ಬರು ಮಾತಿಗೆ ಕೂತರೆ ಅರ್ಧ ಗಂಟೆ. ಬಚ್ಚಲಿನ ಒಲೆಯ ಎದುರು ಕೂತು ಹಂಡೆಯ ಮಸಿ ನೋಡುತ್ತಿದ್ದೆ. ಎರಡು ವಾರದಲ್ಲಿ ಹೆಂಡತಿಗೆ ಸಂಶಯ ಬಂತು, ಬೇರೆಯದೇ ಸಂಶಯ.

"ಹೋಯ್, ಕೇಳ್ತಾ? ನಿಮ್ಗೆ ಬಳಚು ಕಂಡ ಕೂಡ್ಲೆ ಹೊಟ್ಟೆ ಕೆಡ್ತದಾ?"

ಹೌದು ಎಂದೆ. ಅವತ್ತಿನಿಂದ ನನಗೆ ಬಳಚಿನ ಪಲ್ಯ ಬಂದ್. ಮನೆಯವರೆಲ್ಲ ಚಪ್ಪರಿಸಿ ತಿನ್ನುವಾಗ ನನಗೆ ಗಂಜಿ, ಉಪ್ಪಿನಕಾಯಿ. ಜೊತೆಗೆ ಮೆಂತೆ ನೀರು. ಸುಳ್ಳಿಗೆ ಶಿಕ್ಷೆ ಇಲ್ಲ ಎನ್ನುವವರು ನಮ್ಮ ಮನೆಯಲ್ಲಿ ಊಟ ಮಾಡಿಲ್ಲ.

ಒಂದು ದಿನ ಹೆಂಡತಿ ಅವಳಿಗೆ ಗೋಡೆ ಗಡಿಯಾರ ತೋರಿಸುತ್ತಿದ್ದಳು. "ಇವ್ರಿಗೆ ಬಹುಮಾನ ಬಂದದ್ದು. ಹಕ್ಕಿ ಫೋಟೋಕ್ಕೆ." ಬಚ್ಚಲಿನ ಬಾಗಿಲ ಸಂದಿನಲ್ಲಿ ನನಗೆ ಎಲ್ಲ ಕೇಳುತ್ತಿತ್ತು.

"ಹೌದಾ ಅಕ್ಕಾ," ಎಂದಳು ಅವಳು. ದನಿ ಸ್ವಲ್ಪ ಎತ್ತರಿಸಿದಳು ಎಂದು ನನಗೆ ಅನ್ನಿಸಿತು. "ನಿಮ್ಮನೆಯವ್ರ ಕಣ್ಣು ಬಾಳಾ ಚುರುಕು. ಮೀನಿನ ಬಾಲದ ಹನಿನೂ ಕಾಣ್ತದೆ. ತೊಡೆ ಮಟ್ಟ ನೀರಲ್ಲಿ ಆರಡಿ ಮನ್ಷ ನಿಂತ್ರೆ ಮಾತ್ರ ಕಾಣೂದಿಲ್ಲ. ಔಷ್ಧಿ ಬಿಡ್ಸಿ ಅಕ್ಕಾ."

ಅವಳು ಹೋದ ಮೇಲೆ ಹೆಂಡತಿ ಬಚ್ಚಲ ಬಾಗಿಲು ತಟ್ಟಿದಳು. "ಹೊರಗೆ ಬನ್ನಿ. ಅವ್ಳು ಎಂತ ಹೇಳಿದ್ದು?"

ಹೊರಗೆ ಬಂದು ಹೇಳಿದೆ. ಹೆಂಡತಿ ಬೈಯಲಿಲ್ಲ. ಗೋಡೆಯಿಂದ ಗಡಿಯಾರ ತೆಗೆದು ನನ್ನ ಮಡಿಲಿಗೆ ಇಟ್ಟು, "ಮೊದ್ಲು ಅವ್ನ ಕೆಲ್ಸ ವಾಪಸ್ ಕೊಡ್ಸಿ, ಆಮೇಲೆ ನನ್ನ ಹತ್ರ ಮಾತಾಡಿ," ಎಂದಳು.

ಮರುದಿನ ಮೂಲ ಫೋಟೋ ಪ್ರಿಂಟು ಹಾಕಿಸಿಕೊಂಡು ಗುತ್ತಿಗೆದಾರರ ಮನೆಗೆ ಹೋದೆ. ಅಲ್ಲಿಯೂ ನಾನು ನೆಟ್ಟಗೆ ನಡೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ದಾರಿಯಲ್ಲಿ ಒಂದು ಉಪಾಯ ಮಾಡಿಕೊಂಡಿದ್ದೆ.

"ಅವತ್ತೇ ತೆಗೆದ ಇನ್ನೊಂದು ಫೋಟೋ ಸಿಕ್ಕಿತು," ಎಂದೆ. "ಬಹುಮಾನದ್ದು ತೆಗೆದು ಒಂದು ನಿಮಿಷದ ಮೇಲಿನದು. ನೋಡಿ, ಕಾವಲಿನವ ಇದ್ದಾನೆ. ಪಾಪ, ನೀರಿಗೇ ಇಳಿದಿದ್ದಾನೆ."

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಒಳಗೆ ಹೋಗಿ ಕಾರ್ಯಕ್ರಮ ಮುಗಿದ ಮೇಲೆ ದಾನಿಗಳಿಗೆ ನೆನಪಿಗೆಂದು ಕಳಿಸಿದ್ದ ನನ್ನ ಬಹುಮಾನದ ಫೋಟೋದ ಪ್ರತಿ ತಂದರು. ಎರಡನ್ನೂ ಪಕ್ಕ ಪಕ್ಕ ಇಟ್ಟರು. ಚಾ ಬಂತು. ನಾನು ಕುಡಿದೆ. ಅವರು ನೋಡುತ್ತಲೇ ಇದ್ದರು.

"ಒಂದು ನಿಮಿಷ ಅಂದ್ರಿ?"

"ಹೌದು."

"ಒಂದು ನಿಮಿಷ ನೀರುಕಾಗೆ ಬಾಯಲ್ಲಿ ಮೀನು ಇಟ್ಕಂಡು ಹಿಂಗೇ ಕೂರ್ತದಾ? ನುಂಗುದೂ ಇಲ್ಲ, ಅಲ್ಲಾಡೂದೂ ಇಲ್ಲ. ಬಾಲದ ಹನಿಯೂ ಬಿದ್ದಿಲ್ಲ ಮಾರಾಯ್ರೆ. ಅಲ್ಲೇ ನೇತಾಡ್ಕಂಡು ಅದೆ."

ಮನುಷ್ಯನ ನೆರಳನ್ನೂ ಮರೆಯದೆ ಅಳಿಸಿದವನು ನಾನು. ಮೀನು ತಿನ್ನುವ ಹಕ್ಕಿಯ ಅವಸರವನ್ನು ಮರೆತಿದ್ದೆ. ಮೀನಿನ ಗುತ್ತಿಗೆ ಹಿಡಿದವರ ಹತ್ತಿರ ಮೀನಿನ ಸುಳ್ಳು ಹೇಳಬಾರದಿತ್ತು. ಚಾದ ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ, ನೀರು ಹಾಕಿದ್ದು, ಮಂಜು ಎಳೆದದ್ದು, ಸಹಿ ಹಾಕಿದ್ದು. ಅವರು ಮೊದಲು ಕೆಂಪಾದರು. ಆಮೇಲೆ ಪ್ರಿಂಟಿನಲ್ಲಿದ್ದ ಕಾವಲಿನವನ ಬಾಯಿ, ಟವೆಲ್ ನೋಡಿ ಹೊಟ್ಟೆ ಹಿಡಿದು ನಕ್ಕರು. ಅವನ ಜಾಗದಲ್ಲಿ ಅವರು ಒಂದು ಧ್ವನಿವರ್ಧಕ ಕಟ್ಟಿಸಿದ್ದರಂತೆ, ಗುಂಡು ಹಾರಿದ ಸದ್ದು ಬರುವಂಥದ್ದು. ಮೊದಲ ನಾಲ್ಕು ದಿನ ಹಕ್ಕಿಗಳು ಹೆದರಿದವು. ಐದನೆಯ ದಿನದಿಂದ ನೀರುಕಾಗೆಗಳು ಮೀನು ತಿಂದು ಬಂದು ಅದರ ಮೇಲೆಯೇ ಕೂತು ರೆಕ್ಕೆ ಒಣಗಿಸುತ್ತಿದ್ದವು.

"ನಾ ಅವ್ನ ಎದ್ರು ಹೋಗಿ ತಪ್ಪಾತು ಅಂಬವ ಅಲ್ಲ," ಎಂದರು ಅವರು. "ನೀವೇ ಹೋಗಿ ಹೇಳಿ. ನಾಳೆಯಿಂದ ಬರ್ಲಿ. ತಪ್ಪಿದ ದಿನದ್ದೂ ನಾ ಕೊಡ್ತೆ. ಆ ಡಬ್ಬನೂ ಹಿಡ್ಕಂಡು ಬರ್ಲಿ."

ಅಲ್ಲಿಂದಲೇ ಕಾವಲಿನವನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕೂತು ಬಲೆಯ ಹರಕು ಹೊಲಿಯುತ್ತಿದ್ದ. ಅವನ ಹೆಂಡತಿ ಹೊಳೆಗೆ ಹೋಗಿದ್ದಳು. ಎರಡೂ ಫೋಟೋ ಅವನ ಕೈಗೆ ಕೊಟ್ಟು, ನಿಂತೇ ಹೇಳಿದೆ. ಕೈ ಮುಗಿದೆ. ಅವನಿಗಿಂತ ಹದಿನೈದು ವರ್ಷ ದೊಡ್ಡವನು ಕೈ ಮುಗಿದದ್ದು ಕಂಡು ಅವನಿಗೇ ಮುಜುಗರವಾಯಿತು. ಬಹಳ ಹೊತ್ತು ಫೋಟೋಗಳನ್ನು ಅದಲುಬದಲು ಮಾಡಿ ನೋಡಿದ.

"ನನ್ನ ತೆಗ್ದು ಅಲ್ಲಿ ಎಂತ ಹಾಕಿದ್ರಿ?"

"ನೀರು."

"ನೀರು ಚಲೋ ಬಂದದೆ," ಎಂದ. ಫೋಟೋಗಳನ್ನು ಬಲೆಯ ಪಕ್ಕ ಇಟ್ಟು, "ನೀವು ಅವತ್ತೇ ಹೇಳಿದ್ರೆ ಆಗ್ತಿತ್ತು. ನಾ ಎಂತ ನಿಮ್ಮ ತಿಂತಿದ್ನಾ? ಎರಡು ತಿಂಗ್ಳು ಮನೇಲಿ ಕೂತು ಇವ್ಳ ಕಷ್ಟ ನೋಡ್ಬೇಕಾತು," ಎಂದ. ಆಮೇಲೆ ಡಬ್ಬ ಹುಡುಕಲು ಎದ್ದ. ಅದರಲ್ಲಿ ಅವಳು ತುಳಸಿ ಸಸಿ ನೆಟ್ಟಿದ್ದಳು. ಸಸಿ ಕೀಳುವ ಹಾಗಿರಲಿಲ್ಲ. ಮರುದಿನ ನಾನೇ ಪೇಟೆಯಿಂದ ಹೊಸ ಡಬ್ಬ ಒಯ್ದುಕೊಟ್ಟೆ. ಅದರ ಸದ್ದು ಅವನಿಗೆ ಹಿಡಿಸಲಿಲ್ಲ, ತಾಳ ಕೂರುವುದಿಲ್ಲ ಎಂದು ಇವತ್ತಿಗೂ ದೂರುತ್ತಾನೆ.

ಹಕ್ಕಿ ನೋಡುವವರ ಗುಂಪಿಗೆ ಕಾಗದ ಬರೆದು, ಶಾಲು ಮತ್ತು ಗಡಿಯಾರ ವಾಪಸು ಕಳಿಸಿದೆ. ಹಾರ ಒಣಗಿತ್ತು. ಅವರಿಂದ ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದೆ. ಮುಂದಿನ ವರ್ಷದ ಸ್ಪರ್ಧೆಗೆ ನೀವೇ ತೀರ್ಪುಗಾರರಾಗಬೇಕು, ಯಾರು ಎಲ್ಲಿ ತಿದ್ದಿದ್ದಾರೆ ಎಂದು ನಿಮಗೆ ಬೇಗ ಗೊತ್ತಾಗುತ್ತದೆ ಎಂದು ಬರೆದರು. ಹೋಗುತ್ತಿದ್ದೇನೆ. ಕಳೆದ ಸಲ ಒಂದು ಬೆಳ್ಳಕ್ಕಿಯ ಫೋಟೋದಲ್ಲಿ ಅಳಿಸಿದ ಕರೆಂಟು ಕಂಬವನ್ನು ಹಿಡಿದೆ.

ಹೀಗೆ ತಪ್ಪೊಪ್ಪಿಕೊಳ್ಳುವುದು ಗುತ್ತಿಗೆದಾರರ ಹತ್ತಿರ ಆಯಿತು, ಕಾವಲಿನವನ ಹತ್ತಿರ ಆಯಿತು, ಸ್ಪರ್ಧೆಯವರ ಹತ್ತಿರವೂ ಆಯಿತು. ನನ್ನ ಹೆಂಡತಿಯ ಹತ್ತಿರ ದಿನಾ ಆಗುತ್ತಿದೆ. ಗಂಡನಿಗೆ ಹೇಳಿದರೆ ಅವನ ಹೆಂಡತಿಗೂ ಹೇಳಿದ ಹಾಗೆಯೇ ಎಂದು ಅವತ್ತು ಅವರ ಅಂಗಳದಿಂದ ಹಗುರವಾಗಿ ಎದ್ದು ಬಂದಿದ್ದೆ. ಹಾಗಲ್ಲ ಎಂದು ತಿಳಿಯಲು ವರ್ಷಗಳು ಬೇಕಾದವು.

ಅವಳು ಈಗಲೂ ಬಳಚು ತರುತ್ತಾಳೆ. ಆ ಚಳಿಗಾಲ ಕೆಸರಿನಲ್ಲಿ ಚಿಪ್ಪು ಕೊಯ್ದು ಬಲಗೈಯ ತೋರುಬೆರಳಿಗೆ ಗಾಯವಾಗಿತ್ತಂತೆ. ಒಂದು ದಿನವೂ ಬಿಡದೆ ಉಪ್ಪುನೀರಿನಲ್ಲಿ ಕೈ ಅದ್ದಿದ್ದರಿಂದ ಅದು ಸರಿಯಾಗಿ ಕೂಡಲಿಲ್ಲ. ಬಳಚು ಅಳೆದು ಕೊಡುವಾಗ ಆ ಬೆರಳು ಮಡಚುವುದಿಲ್ಲ, ನೆಟ್ಟಗೆ ನಿಂತಿರುತ್ತದೆ. ನಾನು ಈಗ ಬಚ್ಚಲಿಗೆ ಓಡುವುದಿಲ್ಲ. ಜಗಲಿಯಲ್ಲೇ ಕೂತಿರುತ್ತೇನೆ, "ಬಳಚು ದೊಡ್ಡದು ಅದ್ಯಾ ಇವತ್ತು?" ಎಂದು ಕೇಳುತ್ತೇನೆ. "ಅದೆ," ಎನ್ನುತ್ತಾಳೆ. ಹೆಂಡತಿ ಒಳಗಿನಿಂದ ಪಾತ್ರೆ ತರುವವರೆಗೆ ನಾವಿಬ್ಬರೇ ಇರುತ್ತೇವೆ. ಹೇಳಲು ಅಷ್ಟು ಹೊತ್ತು ಸಾಕು. ನಾನು ಪೇಪರ್ ಎತ್ತಿಕೊಳ್ಳುತ್ತೇನೆ.

ಅವಳನ್ನು ಎಲ್ಲರೂ ಕರೆಯುವುದು ಬಳಚಿನವಳು ಎಂದು. ಅವಳ ನಿಜವಾದ ಹೆಸರನ್ನು ನಾನು ಇವತ್ತಿನವರೆಗೆ ಕೇಳಿಲ್ಲ. ಆದ್ದರಿಂದ ನನಗೆ ಗೊತ್ತಿರುವ ಹಾಗೆಯೇ ಬರೆಯುತ್ತೇನೆ: ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಆ ಕಾವಲಿನವನ ಹೆಂಡತಿಯ ಹತ್ತಿರ.